ಸ್ಟೇರಿಂಗ್ ಪಕ್ಕದ ಚೀಟಿ

ಹದಿನಾಲ್ಕು, ಬುಧವಾರ.

ನರ್ಸಕ್ಕನ ಹಳೇ ಕಾರು ಇವತ್ತು ಸರಿಹೋಯಿತು. ನನಗೆ ಮಾತ್ರ ಊಟ ಸೇರಲಿಲ್ಲ.

ಹೋದ ತಿಂಗಳು ಅದರ ಕಾರ್ಬೊರೇಟರ್ ಬಿಚ್ಚಿ ತೊಳೆದವನು ನಾನೇ. ಅಂದಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತಂತೆ, ಆದ ಮೇಲೂ ನಿಂತಲ್ಲೇ ಗಡಗಡ ನಡುಗುತ್ತಿತ್ತಂತೆ. ಎರಡು ಸಲ ಬಂದು ಹೇಳಿದರು. ಬಾನೆಟ್ ಕೂಡ ಎತ್ತದೆ, ಶೆಡ್ಡಿನಲ್ಲಿ ಎಲ್ಲರೆದುರು, "ಗಾಡಿ ಸರಿಯಾಗೇ ಇದೆ ಅಕ್ಕ, ನಿಮಗೆ ಚೋಕ್ ಎಳೆಯೋಕೆ ಬರಲ್ಲ" ಅಂದುಬಿಟ್ಟಿದ್ದೆ.

ಇವತ್ತು ಎತ್ತಿದೆ. ಕಾರ್ಬೊರೇಟರ್ ಹಿಂದೆ ಬೆರಳುದ್ದದ ರಬ್ಬರ್ ಪೈಪು ನೇತಾಡುತ್ತಿತ್ತು. ಅದು ಕೂರಬೇಕಿದ್ದ ತೂತಿನಿಂದ ಎಂಜಿನ್ನು ಬರೀ ಗಾಳಿ ಎಳೆದುಕೊಳ್ಳುತ್ತಿತ್ತು. ತೊಳೆದ ದಿನ ಅದನ್ನು ಸಿಕ್ಕಿಸಲು ಮರೆತಿದ್ದೆ. ಹೆಬ್ಬೆರಳಲ್ಲಿ ಒತ್ತಿ ಸಿಕ್ಕಿಸಿದೆ. ಒಂದೇ ಏಟಿಗೆ ಸ್ಟಾರ್ಟ್.

"ಏನಾಗಿತ್ತಪ್ಪಾ?" ಪಕ್ಕದಲ್ಲೇ ನಿಂತಿದ್ದ ನರ್ಸಕ್ಕ ಕೇಳಿದರು.

"ಪೆಟ್ರೋಲಲ್ಲಿ ಕಸ ಇತ್ತಕ್ಕ."

ನಾಲಿಗೆ ತಡವರಿಸಲೂ ಇಲ್ಲ.

"ಸದ್ಯ! ನನಗೇ ಚೋಕ್ ಎಳೆಯೋಕೆ ಬರ್ತಿಲ್ಲ ಅಂದ್ಕೊಂಡು ಓಡಿಸೋದೇ ಬಿಡೋಣ ಅಂತಿದ್ದೆ."

ಸ್ಟೇರಿಂಗ್ ಪಕ್ಕ ಚೀಟಿಯೊಂದನ್ನು ಅಂಟಿಸಿಕೊಂಡಿದ್ದರು, ದುಂಡಗಿನ ಅಕ್ಷರದಲ್ಲಿ: ಚೋಕ್ ಪೂರ್ತಿ ಎಳಿ. ಆಕ್ಸಿಲರೇಟರ್ ತುಳಿಯಬೇಡ. ಗಾಬರಿ ಬೇಡ.

"ಇನ್ನು ಇದನ್ನ ಕಿತ್ತಾಕ್ಲಾ?" ಎಂದು ಕೇಳಿದರು.

"ಇರ್ಲಿ ಬಿಡಿ ಅಕ್ಕ, ಒಳ್ಳೇದೇ" ಅಂದೆ.

ಒಳ್ಳೇದೇ ಅಂತೆ. ಥೂ.