ಮಂಗಳೂರಿನಿಂದ ಮಸ್ಕತ್‌ಗೆ ನಲವತ್ತು ನಿಮಿಷ

ಮಂಗಳೂರು, ಫೆಬ್ರವರಿ 30, 2191

ಹಿಂದಿನವರೇ,

ಒಟ್ಟು ತಗಲಿದ್ದು ಹನ್ನೊಂದು ವರ್ಷ, ನಾಲ್ಕು ದಿನ, ನಲವತ್ತು ನಿಮಿಷ. ದುಡ್ಡನ್ನು ಸೇರಿಸಿಲ್ಲ, ಅದು ನನ್ನಲ್ಲಿ ಇತ್ತು. ತಾರೀಖು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ಯಾರ ಲೆಕ್ಕಕ್ಕೂ ಇಲ್ಲ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ಮಂಗಳೂರಿನಿಂದ ಮಸ್ಕತ್‌ಗೆ ಆಕಾಶದಲ್ಲಿ ಸುಮಾರು ಎರಡು ಸಾವಿರದ ನೂರು ಕಿಲೋಮೀಟರು. ನಿಮ್ಮ ಕಾಲದಲ್ಲೂ ಅಷ್ಟೇ ಇತ್ತು. ಸಮುದ್ರ ಏರಿತು, ದೂರ ಬೆಳೆಯಲಿಲ್ಲ. ನೀವು ಮೂರು ಗಂಟೆ ಹಾರುತ್ತಿದ್ದಿರಂತೆ. ನಮ್ಮ ‘ಈಟಿ’ಗೆ, ಅಂದರೆ ರೆಕ್ಕೆಯಿಲ್ಲದ ವಿಮಾನಕ್ಕೆ, ನಲವತ್ತು ನಿಮಿಷ ಸಾಕು. ಆದರೆ ಬಿಸಿಲಿಗೆ ಕಾದ ರನ್‌ವೇ ಎರಡೂ ಊರಲ್ಲಿ ಒಟ್ಟಿಗೆ ತಣಿಯದೆ ಈಟಿ ಏಳುವುದಿಲ್ಲ. ಅಲ್ಲಿಯವರೆಗೆ ಪ್ರಯಾಣಿಕರು ‘ತಣಿಮನೆ’ಯಲ್ಲಿ ಕೂರಬೇಕು. ಅದು ನೆಲದಡಿಯ ಉದ್ದನೆಯ ಹಜಾರ: ಒದ್ದೆ ಗೋಣಿಯ ಪರದೆ, ಚಾಪೆ, ಎರಡು ಹೊತ್ತು ಗಂಜಿ. ಅಲ್ಲಿ ಮದುವೆ ಮಾತುಕತೆ ಕುದುರಿ, ಈಟಿ ಏಳುವ ಮೊದಲೇ ಮುರಿದದ್ದನ್ನೂ ನೋಡಿದ್ದೇನೆ.

ನಾನು ಜಾರಪ್ಪ. ಆ ಗಂಜಿ ಬಡಿಸುತ್ತಲೇ ಮೇಲೆ ಬಂದು ಟಿಕೆಟ್ ಏಜೆನ್ಸಿಯ ಯಜಮಾನನಾದವನು. ಫಲಕದ ಮೇಲೆ ಹಾರುವ ಹೊತ್ತನ್ನು ಮಾತ್ರ ಬರೆಯಿರಿ, ಕಾಯುವುದನ್ನೂ ಬರೆದರೆ ಯಾರು ಬರುತ್ತಾರೆ ಎಂದು ಈಟಿ ಕಂಪನಿಗೆ ಬುದ್ಧಿ ಹೇಳಿದವನೂ ನಾನೇ.

ತಂಗಿ ಲೋಲಾಕ್ಷಿ ಮಸ್ಕತ್ತಿನಲ್ಲಿದ್ದಳು. ಹನ್ನೊಂದು ವರ್ಷ ನಾನು ಹೋಗಲಿಲ್ಲ. ನಲವತ್ತು ನಿಮಿಷದ ದಾರಿ, ಯಾವಾಗ ಬೇಕಾದರೂ ಹೋಗಬಹುದಲ್ಲ. ಮೀನು ಮಾರುವವಳೂ ನಿನಗಿಂತ ದೂರದಿಂದ ಬರುತ್ತಾಳೆ ಎಂದು ಅವಳು ಫೋನಿನಲ್ಲಿ ಚುಚ್ಚುತ್ತಿದ್ದಳು.

ಕಳೆದ ತಿಂಗಳು ಅವಳ ಕೊನೆ ಹತ್ತಿರ ಬಂತು. ನಮ್ಮ ಮನೆತನದಲ್ಲಿ ಸಾಯುವ ಹೆಣ್ಣಿನ ಬಾಯಿಗೆ ಮೊದಲು ತವರಿನವರು ನೀರು ಬಿಡಬೇಕು, ಉಳಿದವರದ್ದು ಆಮೇಲೆ. ನಾನು ಬಾವಿಯ ನೀರನ್ನು ಸೀಸೆಗೆ ತುಂಬಿಸಿ ತಣಿಮನೆಗೆ ಹೋದೆ. ರನ್‌ವೇ ಇಲ್ಲಿ ತಣಿದಾಗ ಅಲ್ಲಿ ಕಾದಿರುತ್ತಿತ್ತು. ತಂಗಿಯ ಮಗಳು ಯಶವಂತಿ ದಿನಕ್ಕೆ ಮೂರು ಸಲ ಫೋನು ಮಾಡಿ, ನಾವೇ ನೀರು ಬಿಡೋಣವಾ ಎಂದು ಕೇಳಿದಳು. ಪ್ರತಿ ಸಲವೂ ನಾನು, ನಲವತ್ತೇ ನಿಮಿಷ, ತಡೆ ಎಂದೆ. ವ್ಯಾಪಾರದ ಬಾಯಿ; ಬೇರೆ ಮಾತು ಬರಲಿಲ್ಲ. ಮೂರನೆಯ ದಿನ ಲೋಲಾಕ್ಷಿಯ ದನಿಯೇ ಕೇಳಿತು, ಮಗಳಿಗೆ ಹೇಳುತ್ತಿದ್ದಳು:

“ಅಣ್ಣ ಬರ್ಲಿ ಮಗಾ. ನಲ್ವತ್ತು ನಿಮಿಷ ಅಲ್ವಾ, ಅಷ್ಟು ತಡ್ಕೊಳ್ತೇನೆ.”

ಆ ಸಂಜೆ ಹೋದಳು. ಯಾರೂ ನೀರು ಬಿಟ್ಟಿರಲಿಲ್ಲ. ಮರುದಿನ ಈಟಿ ಎದ್ದಿತು, ಸರಿಯಾಗಿ ನಲವತ್ತು ನಿಮಿಷಕ್ಕೆ ಇಳಿಯಿತು. ನಾನು ತಲುಪುವಾಗ ಮನೆಯ ನೆಲ ತೊಳೆದಾಗಿತ್ತು. ಅಳು ಬರಲಿಲ್ಲ. ಹಸಿವಾಯಿತು, ಉಂಡೆ.

ಒಂದೇ ಕೋರಿಕೆ. ದಾರಿ ಎಷ್ಟು ಹೊತ್ತಿನದು ಎಂದು ಯಾರಾದರೂ ಕೇಳಿದರೆ ಕಾಯುವುದನ್ನೂ ಕೂಡಿಸಿ ಹೇಳಿ.

ಸಿಕ್ಕಿದ್ದು ಇಷ್ಟು. ಕಂಪನಿಗೆ, ಹೇಳಿದ ಹೊತ್ತಿಗೇ ಹಾರಿ ಮುಗಿಸಿದ ಹೆಸರು. ಯಶವಂತಿಗೆ, ಅಮ್ಮನ ಎರಡು ಬಳೆ, ಮಾವನ ಜೊತೆ ಮಾತು ಬಿಡಲು ಒಂದು ಕಾರಣ. ನನಗೆ, ಮುಂದಿನ ಸಲ ಮಸ್ಕತ್‌ಗೆ ಅರ್ಧ ದರದ ಟಿಕೆಟ್. ಲೋಲಾಕ್ಷಿಗೆ ಏನೂ ಇಲ್ಲ.