ನಿಮ್ಮ ಪಾಲಿನ ಜಗಳ

ಹಾಸನ
ನವೆಂಬರ್ ೧೮, ೨೦೨೫, ಮಂಗಳವಾರ

ನನ್ನ ಯಜಮಾನರಿಗೆ ಸುಗುಣ ಮಾಡುವ ವಂದನೆಗಳು.

ಹೇಗಿದ್ದೀರಿ? ನಿಮ್ಮ ಅಕ್ಕನ ಮಂಡಿ ನೋವು ಹೇಗಿದೆ? ಆಪರೇಷನ್ ಆದ ಕಾಲನ್ನು ಅವರು ದಿನಾ ಮಡಚಿ ಚಾಚುವ ಹಾಗೆ ನೋಡಿಕೊಳ್ಳಿ. ನೋವು ಎಂದ ಕೂಡಲೇ ಪಾಪ ಎಂದು ಬಿಟ್ಟುಬಿಡಬೇಡಿ. ಅರಕಲಗೂಡಿನಲ್ಲಿ ಬೆಳಗಿನ ಹೊತ್ತು ಚಳಿ ಜಾಸ್ತಿಯಂತೆ, ಮಫ್ಲರ್ ಬ್ಯಾಗಿನ ತಳದಲ್ಲಿದೆ. ಶುಗರ್ ಮಾತ್ರೆ ಊಟಕ್ಕೆ ಮುಂಚೆ, ಮರೆಯಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಅಕ್ಕ ನಗಬಹುದು. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ಹೂಂ ಅನ್ನುತ್ತೀರಿ, ನನ್ನ ಕೋಪವೆಲ್ಲ ಅಲ್ಲಿಗೇ ವ್ಯರ್ಥ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಭಾನುವಾರ ಚರ್ಚಿನ ಆರಾಧನೆಯಲ್ಲಿ ಸಭಾಪಾಲಕರು ಸಾತ್ವಿಕತೆಯ ಮೇಲೆ ಪ್ರಸಂಗ ಮಾಡಿದರು. ಸಾತ್ವಿಕರು ಭಾಗ್ಯವಂತರು, ಭೂಮಿ ಅವರ ಪಾಲಿಗೇ ಬರುತ್ತದೆ ಎಂದು ಸ್ವಾಮಿ ಹೇಳಿದ್ದನ್ನು ವಿವರಿಸುತ್ತಾ, ಇಂಥವರನ್ನು ದೂರ ಹುಡುಕಬೇಡಿ, ನಮ್ಮ ಸಭೆಯಲ್ಲೇ ಮನೋಹರ ಅವರಿದ್ದಾರೆ ಎಂದುಬಿಟ್ಟರು. ಸರ್ವಿಸ್ ಪೂರ್ತಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೂ ಒಬ್ಬ ಪ್ರಯಾಣಿಕನ ಮೇಲೂ ದನಿ ಏರಿಸದವರಂತೆ, ಪಕ್ಕದ ಮನೆಯವರು ಬೇಲಿ ಸರಿಸಿ ಜಾಗ ಒತ್ತಿದರೂ ನಕ್ಕು ಸುಮ್ಮನಾದವರಂತೆ. ಗಂಡಸರ ಕಡೆ ನಿಮ್ಮ ಜಾಗ ಖಾಲಿ ಇತ್ತು. ಹಾಗಾಗಿ ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಹೆಮ್ಮೆಯಿಂದ ನೋಡಿದ್ದರೆ ಬೇರೆ ಮಾತು. ಇಂಥ ಮನುಷ್ಯನಿಗೆ ಇಂಥವಳು ಗಂಟುಬಿದ್ದಳಲ್ಲ ಎಂಬ ನೋಟ ಅದು. ಹಿಂದಿನ ಬೆಂಚಿನ ತೇಜಶ್ರೀ, ಮೊನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿ, ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು, ಅಂಕಲ್ ಹತ್ತಿರ ನೀವೂ ಸ್ವಲ್ಪ ಕಲಿಯಬಹುದಿತ್ತು ಆಂಟಿ ಅಂದಳು. ನಗುತ್ತಲೇ ಅಂದಳು.

ಹೊಟ್ಟೆಕಿಚ್ಚು ಕಣ್ರೀ. ಬೇರೆ ಹೆಂಗಸರಿಗೆ ಗಂಡನ ಪಕ್ಕದಲ್ಲಿ ಇನ್ನೊಬ್ಬಳನ್ನು ಕಂಡರೆ ಆಗುವುದು ನನಗೆ ನಿಮ್ಮ ಒಳ್ಳೆಯ ಹೆಸರನ್ನು ಕಂಡರೆ ಆಗುತ್ತದೆ. ಸಾತ್ವಿಕರಾಗಿ ಇರುವುದಕ್ಕೆ ನಿಮಗೆ ಬಿಡುವು ಮಾಡಿಕೊಟ್ಟವರು ಯಾರು? ಹೊಳೆನರಸೀಪುರದಲ್ಲಿ ಬಾಡಿಗೆಗೆ ಇದ್ದಾಗ ಮಾಲೀಕ ನಲ್ಲಿ ನೀರು ನಿಲ್ಲಿಸಿದ, ಬೀದಿಯಲ್ಲಿ ನಿಂತು ಕೂಗಾಡಿದವಳು ನಾನು. ಮಗಳ ಮದುವೆಗೆ ಒಪ್ಪಿಕೊಂಡ ಅಡುಗೆಯವನು ಹಿಂದಿನ ದಿನ ಕೈಕೊಟ್ಟ, ಚನ್ನರಾಯಪಟ್ಟಣಕ್ಕೆ ಹೋಗಿ ಅವನನ್ನು ಎಳೆದು ತಂದವಳು ನಾನು. ಎರಡು ಸಲವೂ ನೀವು ಹಿಂದೆ ನಿಂತು 'ಹೋಗ್ಲಿ ಬಿಡೇ' ಅಂದಿರಿ. ನೀರೂ ಬಂತು, ಅಡುಗೆಯೂ ಆಯಿತು. ಒಳ್ಳೆಯವರು ಮಾತ್ರ ನೀವು, ಬಾಯಿಬಡುಕಿ ನಾನು. ಒಂದು ಸಲ ನೀವು ಜಗಳಕ್ಕೆ ನಿಂತಿದ್ದರೆ ನಾನೂ ಹಿಂದಿನಿಂದ ಹೋಗಲಿ ಬಿಡಿ ಅನ್ನುತ್ತಿದ್ದೆ, ಆ ಭಾಗ್ಯವನ್ನೂ ಕೊಡಲಿಲ್ಲ. ಸಭೆಯವರು ಏನಾದರೂ ಅಂದುಕೊಳ್ಳಲಿ, ತಲೆ ಕೆಡಿಸಿಕೊಳ್ಳುವವಳಲ್ಲ ನಾನು. ಆದರೆ ನೀವೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದೀರೇನೋ, ಮೆತ್ತಗಿನ ಹೆಂಡತಿ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಯಾವತ್ತಾದರೂ ಆಸೆಪಟ್ಟಿದ್ದೀರೇನೋ ಎಂಬ ಯೋಚನೆ ಹತ್ತಿಕೊಂಡು ಭಾನುವಾರ ನನಗೆ ಊಟ ಸೇರಲಿಲ್ಲ.

ನಿನ್ನೆ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ, ಪಕ್ಕದ ಮನೆ ಶಿವಯ್ಯ ಕೊಟ್ಟಿಗೆಯನ್ನು ಇನ್ನಷ್ಟು ಅಗಲ ಮಾಡಲು ನಮ್ಮ ಕರಿಬೇವಿನ ಗಿಡದ ಬುಡದಲ್ಲೇ ಗುಂಡಿ ತೋಡಿ ಕಂಬ ನಿಲ್ಲಿಸುತ್ತಿದ್ದ. ಸಾತ್ವಿಕರ ಪಾಲಿಗೆ ಬರುವ ಭೂಮಿ ಮೊದಲು ಶಿವಯ್ಯನ ಕೊಟ್ಟಿಗೆಗೆ ಹೋಗಿ ಬರುತ್ತದೇನೋ ಅಂದುಕೊಂಡು, ಚರ್ಚಿನಲ್ಲಿ ನುಂಗಿಕೊಂಡಿದ್ದನ್ನೆಲ್ಲ ಅವನ ಮೇಲೆ ಕಕ್ಕೋಣವೆಂದು ಸೆರಗು ಬಿಗಿದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹಾರೆ ಕೆಳಗಿಟ್ಟ. ಕಂಬ ಹಿಂದಕ್ಕೆ ಹಾಕುತ್ತೇನೆ, ಯಜಮಾನರಿಗೆ ಮಾತ್ರ ಹೇಳಬೇಡಿ ಎಂದ. ನಿಮಗೆ ಹೆದರುವ ಪ್ರಾಣಿಯೂ ಈ ಊರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಯಾಕಯ್ಯ ಎಂದು ಕೇಳಿದೆ. ಆಗ ಎಲ್ಲ ಹೊರಬಿತ್ತು.

ಹೋದ ವರ್ಷ ಬೇಲಿ ಸರಿಸಿದ್ದಕ್ಕೆ ನಾನು ಅವನ ಜೊತೆ ಜಗಳ ಆಡಿದೆನಲ್ಲ, ಆವತ್ತು ಅವನು ಹಾಲಿನ ಡೇರಿಯಲ್ಲಿ ಎಲ್ಲರ ಮುಂದೆ ನನ್ನನ್ನು ಬಾಯಿಬಡುಕಿ ಎಂದು ಆಡಿಕೊಂಡು ನಕ್ಕನಂತೆ. ಮಾರನೆಯ ದಿನ ನೀವು ಹೋಗಿ ಅವನ ಜಗುಲಿಯ ಮೇಲೆ ಕೂತಿರಂತೆ. ಮುಂದಿನದನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ: "ಜಾಗ ಬೇಕಾದ್ರೆ ಮಡೀಕೊ ಶಿವಯ್ಯ, ನಮ್ಮನೆಯವಳ್ಗೆ ಅಂದ ಮಾತ್ನ ಅಂದ ತಾವ್ಲೇ ವಾಪಸ್ ತಗೊ, ಅಲ್ಲೀಗಂಟ ನಾನ್ ಏಳಾಕಿಲ್ಲ ಅಂದ್ರು ಕಣಮ್ಮ. ಕಾಪಿ ಕೊಟ್ರೆ ಕುಡೀನಿಲ್ಲ. ಬೈನಿಲ್ಲ. ಸುಮ್ಕೆ ಕುಂತಿದ್ರು. ಬೈದಿದ್ರೆ ನಾನೂ ಬೈದು ಕಳಿಸ್ತಿದ್ದೆ." ಮಧ್ಯಾಹ್ನದ ಊಟವೂ ಇಲ್ಲದೆ ಕೂತಿದ್ದಿರಂತೆ. ನನಗೆ ನೀವು ಹೇಳಿದ್ದು ಪೆನ್ಷನ್ ಕೆಲಸಕ್ಕೆ ಹೋಗಿದ್ದೆ ಅಂತ. ಸಂಜೆ ಶಿವಯ್ಯ ಡೇರಿಗೆ ಹೋಗಿ ಅದೇ ಜನರ ಮುಂದೆ ತಪ್ಪಾಯಿತು ಅಂದನಂತೆ, ಅವನ ಹಾಲಿನ ಕ್ಯಾನನ್ನು ನೀವೇ ಹಿಡಿದುಕೊಂಡು ಜೊತೆಗೆ ಹೋಗಿದ್ದಿರಂತೆ. ದಾರಿಯಲ್ಲಿ ಅವನಿಗೆ ನೀವು ಅಂದಿದ್ದು ಇದಂತೆ: "ನಾನ್ ಸಾಧು ಅನ್ನಿಸ್ಕಂಡಿರೋದು, ನನ್ ಪಾಲಿನ ಜಗಳಾನೂ ಅವಳೇ ಆಡಿರೋದ್ಕೆ."

ಇನ್ನೊಂದು ಸಲ ಹೇಳು ಅಂದೆ. ಹೇಳಿದ. ಕಂಬವನ್ನು ಮಾತ್ರ ಬಿಡಲಿಲ್ಲ, ಹಿಂದಕ್ಕೆ ಹಾಕಿಸಿದ ಮೇಲೇ ಒಳಗೆ ಬಂದೆ. ದನಿ ಏರಿಸಲಿಲ್ಲ. ಅದು ಸಾತ್ವಿಕತೆಯಲ್ಲ, ದನಿಯೇ ಹೊರಡಲಿಲ್ಲ. ಸಭಾಪಾಲಕರು ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು, ಆದರೆ ಅವರಿಗೆ ಗೊತ್ತಿರುವುದು ನೀವು ಜಾಗ ಬಿಟ್ಟ ಕಥೆ ಒಂದೇ. ನಿಮ್ಮದನ್ನು ಯಾರು ಕಿತ್ತುಕೊಂಡರೂ ಬಿಟ್ಟುಕೊಡುತ್ತೀರಿ, ನನ್ನ ಮಾನದ ತಂಟೆಗೆ ಬಂದರೆ ಜಗುಲಿ ಬಿಟ್ಟು ಏಳುವುದಿಲ್ಲ. ಹೋಗಿ ಅವರಿಗೆ ಇದನ್ನೂ ಹೇಳಬೇಕು ಅನ್ನಿಸಿತು. ಆಮೇಲೆ ಸುಮ್ಮನಾದೆ, ಹೇಳಿದರೆ ಮುಂದಿನ ಭಾನುವಾರವೂ ನಿಮ್ಮದೇ ಹೆಸರು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ದಿನಾ ಪ್ರಾರ್ಥನೆಯಲ್ಲಿ ಅವರ ಕಾಲನ್ನು ನೆನೆಯುತ್ತಿದ್ದೇನೆ. ದೇವರು ಇಬ್ಬರನ್ನೂ ಕಾಯಲಿ.

ನಿಮ್ಮ
ಸುಗುಣ

ತಾ.ಕ.: ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ಈಗ ಶಿವಯ್ಯನ ಮೇಲೆ ತಿರುಗಿದೆ. ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತನ್ನು ನೀವು ಅವನಿಗೆ ಹೇಳಿದ್ದೀರಿ, ಅವನು ವರ್ಷವಿಡೀ ಇಟ್ಟುಕೊಂಡಿದ್ದಾನೆ. ಶನಿವಾರ ಬಂದವರೇ ಅದನ್ನು ನನಗೆ ಹೇಳಿ. ಒಂದೇ ಒಂದು ಸಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿ.