ನನ್ನ ಹಲಗೆಗೂ ಒಂದು ಡಬ್ಬ ಕಪ್ಪು ಬಣ್ಣ

ಮಾನ್ಯ ಗೋಡೆ, ಫಲಕ ಹಾಗೂ ಸಾರ್ವಜನಿಕ ಪ್ರಕಟಣೆಗಳ ಉಸ್ತುವಾರಿ ಅಧಿಕಾರಿಗಳೇ,

ಚಿಕ್ಕಲಸಂದ್ರದ ಬೈರಣ್ಣನ ಕರಿಹಲಗೆಯ ಬರಹವನ್ನು ತಾವು ಅಳಿಸಿದ್ದೀರಿ. ನನ್ನದನ್ನು ಅಳಿಸಿಲ್ಲ. ಇದು ಶುದ್ಧ ಪಕ್ಷಪಾತ, ಇದನ್ನು ಪ್ರತಿಭಟಿಸಿ ಈ ಪತ್ರ ಬರೆಯುತ್ತಿದ್ದೇನೆ. ನನಗೆ ಹೊಟ್ಟೆ ಉರಿಯುತ್ತಿದೆ ಎಂದು ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು ಆಡಿಕೊಳ್ಳುತ್ತಿದ್ದಾರೆ. ಉರಿಯುತ್ತಿರುವುದು ನಿಜ. ಉರಿಯದೆ ಇರಲು ನಾನೇನು ಕಲ್ಲೇ?

ನನ್ನ ಪರಿಚಯ ತಮಗಿಲ್ಲ, ಇದ್ದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತನಾದವನು. ಪದ್ಮನಾಭನಗರದ ನಮ್ಮ ಬಸ್ ನಿಲ್ದಾಣದ ಪಕ್ಕ ಕನ್ನಡ ಸಂಘದವರು ಕಟ್ಟಿಸಿದ ಸಿಮೆಂಟಿನ ಕರಿಹಲಗೆ ಇದೆಯಲ್ಲ, ಅದರ ಮೇಲೆ ದಿನಾ ಬೆಳಗ್ಗೆ ಸುದ್ದಿ ಬರೆಯುವವನು ನಾನೇ. ಊರಿನ ಸುದ್ದಿ ಎರಡು, ಬಡಾವಣೆಯ ಸುದ್ದಿ ಒಂದು, ಕೆಳಗೆ ಒಂದು ಸುಭಾಷಿತ. ಬಸ್ಸಿಗೆ ಕಾಯುವವರು ಓದುತ್ತಾರೆ. ಈಚೆಗೆ ಫೋನು ನೋಡುತ್ತಾರೆ, ಆದರೂ ಬಸ್ಸು ತಡವಾದರೆ ಓದುತ್ತಾರೆ. ಹಲಗೆ ಬೂದಿ ಬಣ್ಣಕ್ಕೆ ತಿರುಗಿ ಸೀಮೆಸುಣ್ಣ ಹಿಡಿಯುತ್ತಿಲ್ಲ, ಒಂದು ಡಬ್ಬ ಕಪ್ಪು ಬಣ್ಣ ದಯಪಾಲಿಸಿ ಎಂದು ತಮ್ಮ ಕಚೇರಿಗೆ ಬಂದು ಕೇಳಿದ್ದೇನೆ. ಒಂದು ಸಲ ಅಲ್ಲ, ಚಪ್ಪಲಿ ಸವೆಯುವಷ್ಟು ಸಲ. ಬಣ್ಣಕ್ಕೆ ಅನುದಾನ ಇಲ್ಲ ಎಂದು ತಮ್ಮವರು ನನ್ನನ್ನು ಸಾಗಹಾಕಿದರು.

ಈಗ ಬೈರಣ್ಣನ ವಿಷಯ. ಹಾಲಿನ ಬೂತು, ನಾಲ್ಕಾರು ಬಾಡಿಗೆ ಮನೆ ಇರುವ ಮನುಷ್ಯ. ಹಿಂದೆ ಅವರ ಹೊಲವಿದ್ದ ಜಾಗದಲ್ಲೇ ಈಗ ಅವರ ಬಿಲ್ಡಿಂಗು. ಬೂತಿನ ಪಕ್ಕದ ಗೋಡೆಯಲ್ಲಿ ಅವರಿಗೂ ಒಂದು ಕರಿಹಲಗೆ ಇದೆ. ಅಕ್ಷರಗಳು ಮೇಲಿಂದ ಕೆಳಕ್ಕೆ ಜಾರುತ್ತವೆ, ಸುಭಾಷಿತವಂತೂ ಇಲ್ಲವೇ ಇಲ್ಲ. ನಾಯಿ ಕಳೆದುಹೋಗಿದೆ, ಮನೆ ಬಾಡಿಗೆಗಿದೆ, ಗಣೇಶನ ಚಂದಾ ಕೊಡಿ, ಇಂಥವೇ. ಇಂಥ ಹಲಗೆಯನ್ನು ತಾವು ಅಪಾಯಕಾರಿ ಎಂದು ಆರಿಸಿದಿರಿ.

ಅವರು ಬರೆದ ಸುದ್ದಿ ಮೊದಲು ಬಂದಿದ್ದು ನನ್ನ ಹತ್ತಿರ, ಇದನ್ನು ತಾವು ಮುಖ್ಯವಾಗಿ ಗಮನಿಸಬೇಕು. ನನ್ನ ಹಲಗೆಯ ಕೆಳಗೆ ಕೂತು ಹೂವು ಮಾರುವ ನಾರಾಯಣಮ್ಮ, ನಮ್ಮ ಹಿಂದಿನ ರಸ್ತೆಯ ವಠಾರದವರು. ಅವರ ಮೊಮ್ಮಗಳು ಬಿಂದುಶ್ರೀಗೆ ಕಾಮಾಲೆ ಬಂತು. ಎರಡನೇ ಪಿಯುಸಿ ಪರೀಕ್ಷೆ ಎದುರಿಗಿದ್ದಾಗ ಆ ಹುಡುಗಿ ಕಣ್ಣು ಹಳದಿ ಮಾಡಿಕೊಂಡು ಹಾಸಿಗೆ ಹಿಡಿದಳು. ನಾರಾಯಣಮ್ಮ ಬಂದು ನನ್ನ ಕೈ ಹಿಡಿದುಕೊಂಡರು.

“ಸಾಮಿ, ನಲ್ಲೀಲಿ ಮೋರಿ ನೀರು ಬತ್ತೈತೆ. ಮೂಗು ಮುಚ್ಕೊಂಡು ಹಿಡೀಬೇಕು. ಅದ್ನ ಬೋರ್ಡ್ ಮ್ಯಾಲೆ ಬರೀರಿ, ಯಾರಾದ್ರೂ ದೊಡ್ಡೋರು ನೋಡ್ತಾರೆ.”

ಬರೆದೆ. “ಇತ್ತೀಚಿನ ದಿನಗಳಲ್ಲಿ ನಮ್ಮ ಬಡಾವಣೆಯ ಕುಡಿಯುವ ನೀರಿನ ಗುಣಮಟ್ಟದಲ್ಲಿ ಕಿಂಚಿತ್ ವ್ಯತ್ಯಯ ಕಂಡುಬಂದಿದ್ದು, ಸಂಬಂಧಪಟ್ಟವರು ಇತ್ತ ಗಮನ ಹರಿಸಿದಲ್ಲಿ ನಾಗರಿಕರು ಉಪಕೃತರಾಗುವರು.” ಒಂದು ತಪ್ಪಿಲ್ಲ, ಒಂದು ಕಾಟು ಇಲ್ಲ. ನಾರಾಯಣಮ್ಮನಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಅವರು ಹೂವಿನ ಮೊಳ ಹಾಕುವುದನ್ನು ನಿಲ್ಲಿಸಿ ಕೇಳಿದರು.

“ಇದ್ರಾಗೆ ಮೋರಿ ಎಲ್ಲೈತೆ ಸಾಮಿ?”

ಮರುದಿನ ಅವರು ಚಿಕ್ಕಲಸಂದ್ರಕ್ಕೆ ಹಾಲಿಗೆ ಹೋದರು. ಬೈರಣ್ಣನ ಬೀದಿಯಲ್ಲೂ ಅದೇ ನೀರು, ಅದೇ ನಾತ. ನಾರಾಯಣಮ್ಮ ಹೇಳಿದ್ದನ್ನು ಬೈರಣ್ಣ ಇದ್ದ ಹಾಗೇ ಗೀಚಿದರು: “ನಲ್ಲೀಲಿ ಮೋರಿ ನೀರು. ಮಕ್ಳಿಗೆ ಕುಡಿಸ್ಬೇಡಿ. ಆಫೀಸರು ಬಂದು ಒಂದ್ ಲೋಟ ಕುಡಿದು ತೋರಿಸಲಿ.”

ಆಹಾ, ತಮ್ಮ ಜೀಪು ಎಷ್ಟು ಬೇಗ ಬಂತು. ಸಾರ್ವಜನಿಕರಲ್ಲಿ ಆತಂಕ ಮೂಡಿಸುವ ಬರಹ ಎಂದು ತಮ್ಮ ಸಿಬ್ಬಂದಿ ಘೋಷಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡದೆ ಡಬ್ಬ ತೆರೆದು, ಬ್ರಷ್ ಅದ್ದಿ, ಇಡೀ ಹಲಗೆಗೆ ಕಪ್ಪು ಬಣ್ಣ ಬಳಿದು ಹೋದರು. ಕರಿಹಲಗೆಗೆ ಕಪ್ಪು ಬಣ್ಣ, ಸ್ವಾಮಿ! ಅದೂ ಎರಡು ಕೈ. ನಾನು ಬೇಡಿ ಬೇಡಿ ಸಿಗದ ಬಣ್ಣ ಅದು. ಬೈರಣ್ಣ ಅದು ಒಣಗುವವರೆಗೆ ಕಾದು, ಮಿರಮಿರ ಮಿಂಚುವ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು: “ಬಣ್ಣಕ್ಕೆ ಥ್ಯಾಂಕ್ಸ್. ನೀರು ಇನ್ನೂ ನಾರ್ತಾ ಐತೆ.” ಅದರ ಫೋಟೋ ಎಲ್ಲರ ಫೋನಿಗೂ ಹೋಯಿತು, ನನ್ನ ಫೋನಿಗೂ ಬಂತು. ಬೀದಿಗೆ ಟಿವಿಯವರು ಬಂದರು. ಹಿಂದೆಯೇ ನೀರಿನ ಟ್ಯಾಂಕರ್ ಬಂತು. ಆಮೇಲೆ ರಸ್ತೆ ಅಗೆದು ಹಳೇ ಪೈಪು ಕಿತ್ತು ಹೊಸದು ಹಾಕಿದರು. ಅದೂ ಎಲ್ಲಿಯವರೆಗೆ? ಬೈರಣ್ಣನ ಬೀದಿ ಮುಗಿಯುವ ತಿರುವಿನವರೆಗೆ. ಆ ತಿರುವು ದಾಟಿದರೆ ನಮ್ಮ ಕಡೆ, ನಮ್ಮ ಕಡೆ ಹಳೇ ಪೈಪು.

ಈಗ ಹೇಳಿ, ಮಾಧ್ಯಮಗಳ ಮೇಲೆ ಸೆನ್ಸಾರ್ ಸಮಾಜಕ್ಕೆ ಬೇಕೋ ಬೇಡವೋ? ಪಾರ್ಕಿನಲ್ಲಿ ಈ ಚರ್ಚೆ ದಿನಾ ನಡೆಯುತ್ತದೆ. ನಿವೃತ್ತ ಮೇಷ್ಟ್ರು ಶಂಭುಲಿಂಗಪ್ಪನವರು ಬೇಕು ಎನ್ನುವವರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಫೋನುಗಳಲ್ಲಿ ಹರಿದಾಡಿದಾಗ, ಸೀರೆ ಮಾರಲು ಬಂದಿದ್ದ ಒಬ್ಬ ಬಡಪಾಯಿಯನ್ನು ನಮ್ಮವರೇ ಕಂಬಕ್ಕೆ ಕಟ್ಟಿ ಬಡಿದರು. ಅವನ ಗಂಟು ರಸ್ತೆಯಲ್ಲಿ ಬಿಚ್ಚಿ ಬಿದ್ದಿತ್ತು, ನಾನೇ ನೋಡಿದ್ದೇನೆ. ಅಂಥ ಸುಳ್ಳನ್ನು ತಡೆಯುವವರು ಬೇಕು, ನಾನು ಒಪ್ಪುತ್ತೇನೆ. ಆದರೆ ಆವತ್ತು ತಮ್ಮ ಜೀಪು ಎಲ್ಲಿತ್ತು? ಹೊತ್ತಿಕೊಂಡ ಸುಳ್ಳಿಗೆ ಒಂದು ಚೊಂಬು ನೀರು ಹಾಕಲು ಬಾರದವರು ನಿಜಕ್ಕೆ ಬಣ್ಣ ಬಳಿಯಲು ಡಬ್ಬ ಹಿಡಿದು ಓಡಿ ಬರುವುದಾದರೆ, ಆ ಅಧಿಕಾರವನ್ನು ತಮ್ಮ ಕೈಗೆ ಕೊಟ್ಟು ನಾವು ಪಡೆದದ್ದೇನು? ಆತಂಕ ಮೂಡಿಸಿದ್ದು ಬೈರಣ್ಣನ ಸೀಮೆಸುಣ್ಣವೋ ನಲ್ಲಿಯಲ್ಲಿ ಬಂದ ನಾತವೋ? ಬರಹ ಅಳಿಸಿದ ಮೇಲೆ ನೀರು ಒಂದು ಗಳಿಗೆಯಾದರೂ ತಿಳಿಯಾಯಿತೇ? ಇದನ್ನೆಲ್ಲ ನಾನು ಪಾರ್ಕಿನಲ್ಲಿ ವಾದಿಸಿದೆ. ಶಂಭುಲಿಂಗಪ್ಪನವರು ಕೇಳಿಸಿಕೊಂಡು, “ಎಲ್ಲಾ ಸರಿ ಗುಂಡಣ್ಣ, ನಿಮ್ಮ ಬೋರ್ಡಿಗೆ ಯಾಕೆ ಬರ್ಲಿಲ್ಲ ಅವ್ರು?” ಎಂದರು. ನಾನು ಮಂಕಿ ಕ್ಯಾಪ್ ಕಿವಿ ಮೇಲೆ ಎಳೆದುಕೊಂಡು ಮನೆಗೆ ಬಂದೆ.

ಮನೆಯಲ್ಲೂ ಅದೇ ಮಾತು. ನನ್ನ ಹೆಂಡತಿ ಕಾತ್ಯಾಯಿನಿ ಹುರುಳಿಕಾಯಿ ಸೋಸುತ್ತಾ ಕೂತಿದ್ದಳು. ಒಂದೇ ಸುದ್ದಿ, ಮೊದಲು ಬರೆದವನು ನಾನು, ಹೆಸರು ಮಾತ್ರ ಅವನಿಗೆ ಎಂದು ನಾನು ಗೊಣಗಿದೆ. ಅವಳು ತಲೆ ಎತ್ತಲಿಲ್ಲ.

“ನಿಮ್ದನ್ನ ಅಳಿಸೋಕೆ ಅವ್ರು ಜೀಪ್ ಮಾಡ್ಕೊಂಡು ಯಾಕ್ರೀ ಬರ್ಬೇಕು? ಬರೆಯೋಕೆ ಮುಂಚೇನೇ ನೀವೇ ಅಳಿಸಿರ್ತೀರಲ್ಲ.”

ನನಗೆ ಸಿಟ್ಟು ಬಂತು. ಊಟಕ್ಕೆ ಕರೆದರೂ ಸ್ವಲ್ಪ ಹೊತ್ತು ಏಳಲಿಲ್ಲ. ತಾವಾದರೂ ಯೋಚಿಸಿ: ತಮ್ಮ ಕಚೇರಿಯಲ್ಲಿ ಸಂಬಳ ತೆಗೆದುಕೊಂಡು ಇಷ್ಟು ಜನ ಮಾಡುವ ಕೆಲಸವನ್ನು ನಾನೊಬ್ಬ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದೇನೆ ಎಂದಾದರೆ, ಒಂದು ಡಬ್ಬ ಬಣ್ಣವೂ ನನ್ನ ಯೋಗ್ಯತೆಗೆ ಹೆಚ್ಚಾಯಿತೇ?

ಬೈರಣ್ಣನಿಗೆ ಈಗ ಎಷ್ಟು ಮರ್ಯಾದೆ ಅಂತೀರಿ. ಹಾಲಿಗೆ ಬಂದವರೆಲ್ಲ ಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರೋ ಹಾರ ಕೂಡ ಹಾಕಿದ್ದರು. ಹತ್ತಿರ ಹೋಗಿ ನೋಡಿದೆ, ನಾರಾಯಣಮ್ಮನ ಕೈಯಲ್ಲಿ ಕಟ್ಟಿದ ಹಾರ. ದಿನಾ ನನ್ನ ಹಲಗೆಯ ನೆರಳಿನಲ್ಲಿ ಕೂರುವವರು ಇದುವರೆಗೆ ನನ್ನ ಹಲಗೆಗೆ ಒಂದು ಎಸಳು ಇಟ್ಟವರಲ್ಲ. ಕೇಳಿಯೇ ಬಿಟ್ಟೆ.

“ಏನು ನಾರಾಯಣಮ್ಮ, ನಾನೂ ಬರೆದೆನಲ್ಲ?”

“ಬರೆದ್ರಿ ಸಾಮಿ, ನಾ ಇಲ್ಲ ಅಂದ್ನಾ? ಅವ್ರ ಬೀದೀಗೆ ಒಳ್ಳೇ ನೀರು ಬಂತು. ನಮ್ ವಠಾರಕ್ಕೆ ಬರ್ಲಿಲ್ಲ. ಮಗೀಗೆ ಕಾಯ್ಸಿದ್ ನೀರು ಕೊಡಿ ಅಂತಾರೆ ಡಾಕ್ಟ್ರು. ಮೋರಿ ನೀರ್ನ ಎಷ್ಟು ಅಂತ ಕಾಯ್ಸೋದು?”

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಬಿಂದುಶ್ರೀ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ಪರೀಕ್ಷೆಗಾದರೂ ಕೂರಬೇಕೆಂದು ಹಾಸಿಗೆಯಲ್ಲೇ ಪುಸ್ತಕ ಹಿಡಿದಿದ್ದಾಳೆ. ಕುಡಿಯುವುದು ಮಾತ್ರ ಇವತ್ತಿಗೂ ಆ ನಲ್ಲಿಯ ನೀರನ್ನೇ. ಬೈರಣ್ಣನಿಗೆ ಸಿಕ್ಕಿದ ಫೋಟೋ, ಹಾರ, ಟಿವಿ ಇವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಅವರ ಬೀದಿಯ ಹೊಸ ಪೈಪಿನ ಮೇಲೆ ಅದಕ್ಕಿಂತ ಹೆಚ್ಚಿನ ಹೊಟ್ಟೆಕಿಚ್ಚಿದೆ.

ಆದಕಾರಣ ನನ್ನ ಬೇಡಿಕೆ ಇಷ್ಟು. ನಮ್ಮ ಕಡೆಯ ಪೈಪನ್ನೂ ಬದಲಿಸಿ. ಅದು ತಮ್ಮ ಇಲಾಖೆಗೆ ಬರುವುದಿಲ್ಲ ಎಂದು ತಾವು ಹೇಳುತ್ತೀರಿ, ಗೊತ್ತು. ಹಾಗಾದರೆ ತಮ್ಮ ಇಲಾಖೆಗೆ ಬರುವುದನ್ನೇ ಮಾಡಿ. ಸೋಮವಾರ ಬೆಳಗ್ಗೆ ನನ್ನ ಹಲಗೆಯ ಮೇಲೆ ಸುಭಾಷಿತ ಇರುವುದಿಲ್ಲ. ನಾರಾಯಣಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆಯುತ್ತೇನೆ: “ನಲ್ಲೀಲಿ ಮೋರಿ ನೀರು ಬತ್ತೈತೆ. ನಮ್ ಮಗು ಮಲಗೈತೆ.” ಜೀಪು ಕಳಿಸಿ, ಬಣ್ಣ ಮರೆಯದೆ ಕಳಿಸಿ. ನನ್ನ ಹಲಗೆ ಬೈರಣ್ಣನದಕ್ಕಿಂತ ದೊಡ್ಡದು, ಅವರಿಗೆ ತಂದ ಡಬ್ಬ ಸಾಲದು.

ಇಂತಿ,
ಈ ಸೋಮವಾರದವರೆಗೆ ಯಾರಲ್ಲೂ ಯಾವ ಆತಂಕವನ್ನೂ ಮೂಡಿಸದ,
ಗುಂಡಣ್ಣ
ಪದ್ಮನಾಭನಗರ, ಹಳೇ ಪೈಪಿನ ಕಡೆ